ಹಳೆಯ ಸರ್ವರಿನ ಬೆಚ್ಚನೆ ನೆತ್ತಿ

ಕಟ್ಟಿಕೊಂಡ ಹೆಂಡತಿಯ ಬಾಯಿಂದ ಒಂದು ಒಳ್ಳೆ ಮಾತು ಉದುರಬೇಕಾದರೆ ಗಂಡಸು ಎಷ್ಟು ಕೆರೆಯ ನೀರು ಕುಡಿಯಬೇಕೆಂಬುದನ್ನು ಜಾವಾ ದ್ವೀಪದ ಗುಡ್ಡದೂರು ಸಲಾತಿಗದ ತರ್ಮುಜಿಯವರನ್ನು ಕೇಳಬೇಕು. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದು ನಿವೃತ್ತರಾದ ಮೇಲೆ, ಯಾವ ಗುರುವಿನ ಹಂಗೂ ಇಲ್ಲದೆ ಕಂಪ್ಯೂಟರು ಆಳುವ ಲಿನಕ್ಸ್ ಕಲಿತ ಪುಣ್ಯಾತ್ಮರು ಅವರು. ಹೆಂಡತಿ ಲಸ್ಮಿನಿ ನಡೆಸುವ ವಸತಿಮನೆಯಲ್ಲಿ ಹನ್ನೊಂದು ವಿದ್ಯಾರ್ಥಿನಿಯರು, ಅವರಿಗೆ ಇಪ್ಪತ್ತಾರು ಮೊಬೈಲು-ಲ್ಯಾಪ್‌ಟಾಪುಗಳು. ಅಷ್ಟಕ್ಕೂ ಒಂದೊಂದು ಇಂಟರ್ನೆಟ್ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರು ಮೆಟ್ಟಿಲಡಿಯ ಗೂಡಿನಲ್ಲಿ ಹದಿಮೂರು ವರ್ಷದಿಂದ ಕೂತಿತ್ತು. (ಲಸ್ಮಿನಿ ಹುಡುಗಿಯರಿಗೆ ಕೋಣೆಯ ಬೀಗದಕೈ ಕೊಡುವ ಹಾಗೆಯೇ. ಆದರೆ ಸರ್ವರು ಜೊತೆಗೆ ಬುದ್ಧಿವಾದ ಹೇಳುತ್ತಿರಲಿಲ್ಲ.) ಗೂಡಿಗೆ ಬಗ್ಗಿ ಅದರ ಮುಖ ನೋಡುವುದು ತಮ್ಮ ವಿದ್ಯೆಗೆ ಅವಮಾನವೆಂದು ತರ್ಮುಜಿ ಅದನ್ನು ಮಂಚದ ಮೇಲಿಂದ ಲ್ಯಾಪ್‌ಟಾಪಿನಲ್ಲೇ ಆಳುತ್ತಿದ್ದರು.

ಅದು ಈಗ ಮುದಿ ಎತ್ತಿನ ಹಾಗೆ ಏದುಸಿರು ಬಿಡತೊಡಗಿತ್ತು. ಅಂಗೈಯಗಲದ ಹೊಸ ಯಂತ್ರವೊಂದನ್ನು ತಂದು ಅದಕ್ಕೆ ಪಟ್ಟ ಕಟ್ಟುವುದೆಂದು ಅವರು ಠರಾಯಿಸಿದರು.

"ಈ ವಾರ ಬೇಡ, ಪಾಕ್ನೆ," ಎಂದರು ಲಸ್ಮಿನಿ. "ಗುರುವಾರ ಹತ್ತು ಗಂಟೆಗೆ ಮೇಲಿನ ಕೋಣೆ ಕಿನಾಂತಿ ಇಂಟರ್ನೆಟ್ಟಲ್ಲಿ ಮೇಷ್ಟ್ರುಗಳ ಮುಂದೆ ಕೂತು ಪ್ರಬಂಧ ಒಪ್ಪಿಸ್ಬೇಕು. ಮೂರು ಸಲ ಬರೆಸವ್ರೆ ಆ ಹುಡುಗಿ ಕೈಲಿ."

"ಬುಧವಾರ ಸಂಜೇನೇ ಮುಗಿಸ್ತೀನಿ, ಬೂನೆ. ಯಾರಿಗೂ ಗೊತ್ತೇ ಆಗಲ್ಲ." (ಮನೆಯಲ್ಲಿ ಅವರು ಎಲ್ಲರಿಗೂ ಪಾಕ್, ಅಂದರೆ ಅಪ್ಪ; ಅವರಾಕೆ ಬು, ಅಮ್ಮ. ಪಾಕ್ನೆ, ಬೂನೆ ಎಂಬುದು ಗಂಡಹೆಂಡಿರ ಸಲುಗೆ.)

"ಗೊತ್ತಾದ್ರೆ?"

"ಈ ಕೆಲಸ ಬಿಟ್ಬಿಡ್ತೀನಿ. ಪೇಟೆ ಅಂಗಡಿಯವನನ್ನ ಕರೆಸ್ಕೋ."

ಲಸ್ಮಿನಿ ಬೆರಳು ಮಡಚಿ ಆ ಮಾತನ್ನು ನೆನಪಿಗೆ ಕಟ್ಟಿಕೊಂಡರು.

ಬುಧವಾರ ಸಂಜೆ ಟೀವಿ ಪಕ್ಕದಲ್ಲಿ ಹೊಸ ಯಂತ್ರದ ಪಟ್ಟಾಭಿಷೇಕವಾಯಿತು. ಹಳೆಯದು ಹಂಚುತ್ತಿದ್ದ ವಿಳಾಸಗಳನ್ನೇ ಇದೂ ಹಂಚುವಂತೆ ಬರೆದು, ಹಳೆಯದನ್ನು ಮಂಚದಿಂದಲೇ ಆರಿಸಿ ಮಲಗಿಸಿದರು. ತಂತಿಗಳನ್ನು ಕೀಳಲಿಲ್ಲ. ಹದಿಮೂರು ವರ್ಷ ದುಡಿದ ಜೀವ, ಹೆಣದ ಮೈಮೇಲಿನ ಒಡವೆ ಕಿತ್ತ ಹಾಗಾಗುತ್ತದೆಂಬ ಕರುಣೆ. (ಸೊಂಟ ನೋವೂ ಇತ್ತು.)

ಗುರುವಾರ ಬೆಳಿಗ್ಗೆ ಎಂಟೂವರೆಗೆ ಮೊದಲ ಹುಡುಗಿ ಬಂದಳು. "ಪಾಕ್, ನನ್ನ ವಿಳಾಸದಲ್ಲಿ ಬೇರೆ ಯಾರೋ ಇದಾರೆ ಅಂತಿದೆ ಲ್ಯಾಪ್‌ಟಾಪು."

ಎರಡನೆಯವಳು ಬಂದಳು. "ನಾನೇ ಇರ್ಬೇಕು. ನಂದೂ ಹಂಗೇ ಅಂತಿದೆ."

ಒಂದೇ ಕೋಣೆಯ ಬೀಗದಕೈ ಇಬ್ಬಿಬ್ಬರ ಕೈ ಸೇರಿದಂತಾಗಿತ್ತು. ಒಂಬತ್ತಕ್ಕೆ ಅರ್ಧ ಮನೆಗೆ ಇಂಟರ್ನೆಟ್ ಇಲ್ಲ. ತರ್ಮುಜಿ ಕನ್ನಡಕ ಏರಿಸಿ ನೋಡುತ್ತಾರೆ, ಮನೆಯಲ್ಲಿ ಇನ್ನಾರೋ ವಿಳಾಸ ಹಂಚುತ್ತಿದ್ದಾರೆ! ಎಲ್ಲರನ್ನೂ ನಡುಮನೆಗೆ ಕರೆದು ನ್ಯಾಯ ಕೂಡಿಸಿದರು.

"ನಿಮ್ಮಲ್ಲಿ ಯಾರೋ ಕಳ್ಳ ಸರ್ವರ್ ಇಟ್ಟಿದೀರಿ. ಒಪ್ಕೊಂಡ್ರೆ ಬೈಯಲ್ಲ."

"ನನ್ ಹತ್ರ ಕದ್ದುಮುಚ್ಚಿ ಇಟ್ಟಿರೋದು ಇಸ್ತ್ರಿಪೆಟ್ಟಿಗೆ ಒಂದೇ, ಪಾಕ್," ಎಂದು ಒಬ್ಬಳು ಒಪ್ಪಿಕೊಂಡಳು.

"ಹೆಣ್ಮಕ್ಕಳ ಕೋಣೆ ಜಪ್ತಿ ಮಾಡೋಕೆ ಹೊರಟ್ರೆ ನಿಮ್ಮ ಚಾಪೆ ಬೀದೀಲಿರುತ್ತೆ," ಎಂದಿತು ಅಡುಗೆಮನೆಯ ದನಿ.

ಉಳಿದದ್ದು ಕಂಬದ ಕಾಲದ ವಿದ್ಯೆ ಒಂದೇ: ತಂತಿ ಹಿಡಿದು ಹೋಗುವುದು. ತರ್ಮುಜಿ ಅಂಬೆಗಾಲಿಟ್ಟರು. ಮೇಜಿನಡಿ ಇದ್ದಾಗ ಗಡಿಯಾರ ಹತ್ತು ಹೊಡೆಯಿತು. ಮೇಲೆ ಕಿನಾಂತಿಯ ಬಾಗಿಲು ಮುಚ್ಚಿಯೇ ಇತ್ತು. ಆ ಮಗುವಿನ ಮೂರು ಸಲದ ಬರಹ ತಮ್ಮ ಹಟಕ್ಕೆ ಮಣ್ಣುಗೂಡಿತೆಂದು ತಮ್ಮನ್ನೇ ಹಳಿದುಕೊಂಡರು. ಆದರೂ ತಂತಿ ಬಿಡಲಿಲ್ಲ. ಒಂದೊಂದೇ ಎಳೆ ಹಿಡಿದು ಹೋಗಿ, ಹನ್ನೊಂದರ ಹೊತ್ತಿಗೆ ಕೊನೆಯದು ಅವರನ್ನು ಮೆಟ್ಟಿಲಡಿಯ ಗೂಡಿಗೆ ತಂದು ನಿಲ್ಲಿಸಿತು.

ಹಳೆಯ ಸರ್ವರು ಹಸಿರು ದೀಪ ಹಚ್ಚಿಕೊಂಡು ಗೊರ್ ಎನ್ನುತ್ತಿತ್ತು. ಅದರ ನೆತ್ತಿಯ ಮೇಲೆ ಹಳೇ ಲುಂಗಿ ಹೊದ್ದ ಎಂಟು ಬಾಳೆಲೆ ಪೊಟ್ಟಣಗಳು.

"ಮುಟ್ಬೇಡಿ," ಎಂದರು ಹಿಂದೆ ನಿಂತ ಲಸ್ಮಿನಿ. "ಸೋಯಾ ಕಾಳಿಗೆ ಹೆಪ್ಪು ಹಾಕಿಟ್ಟಿದೀನಿ. ನಾಳೆಗೆ ಗಟ್ಟಿ ಕಟ್ಟಿ ತೆಂಪೆ ಆಗ್ಬೇಕು."

"ಇದನ್ನ ಎಬ್ಬಿಸಿದ್ದು ಯಾರು?"

"ನಾನೇ. ನಿನ್ನೆ ರಾತ್ರಿ ಪೊಟ್ಟಣ ಇಡೋಕೆ ಬಂದ್ರೆ ಕಲ್ಲಿನಂಗೆ ತಣ್ಣಗಿತ್ತು, ಗುಂಡಿ ಒತ್ತಿದೆ. ಈ ಗುಡ್ಡದೂರಿನ ಚಳೀಲಿ ಬೇರೆಲ್ಲಿಡ್ಲಿ? ಆರು ವರ್ಷ ತಿಂದ್ರಲ್ಲ, ಎಲ್ಲಿ ಹುದುಗು ಬಂತು ಅಂತ ಒಂದಿನ ಕೇಳಿದ್ರಾ?"

ಎಚ್ಚರವಾದೊಡನೆ ತಾನಾಗಿ ವಿಳಾಸ ಹಂಚುವಂತೆ ಅದನ್ನು ಪಳಗಿಸಿದವರು ತರ್ಮುಜಿಯವರೇ. ಯಾರನ್ನು ಬೈಯುವುದು?

ಅಷ್ಟರಲ್ಲಿ ಬಿಳಿ ಅಂಗಿ, ಕಪ್ಪು ಲಂಗದ ಕಿನಾಂತಿ ಮೆಟ್ಟಿಲಿಳಿದು ಬಂದಳು. "ಪಾಸಾದೆ, ಪಾಕ್."

"ಹೆಂಗಮ್ಮಾ? ಇಂಟರ್ನೆಟ್ಟೇ..."

"ಮೊಬೈಲಿಂದ. 'ಪಾಕ್ ಏನೂ ಆಗಲ್ಲ ಅಂದಿದಾರೆ, ಅದಕ್ಕೇ ನಿನ್ನ ಮೊಬೈಲಿಗೆ ಡೇಟಾ ಹಾಕಿಸ್ಕೋ' ಅಂತ ಬು ಮೊನ್ನೇನೇ ಹೇಳಿದ್ರು."

ತರ್ಮುಜಿ ತಲೆ ತಗ್ಗಿಸಿದರು. "ಕರೆಸು ಪೇಟೆಯವನನ್ನ."

"ಬೇಡ. ಅವನು ಬಂದ್ರೆ ಈ ಹಳೇದನ್ನ ಗುಜರಿಗೆ ಹಾಕು ಅಂತಾನೆ."

ತರ್ಮುಜಿ ಹಳೆಯದರಿಂದ ಇಂಟರ್ನೆಟ್ಟಿನ ತಂತಿ ಮಾತ್ರ ಕಿತ್ತರು. ಆದರೆ ಕೆಲಸವಿಲ್ಲದ ಯಂತ್ರ ಸಂಜೆಯೊಳಗೆ ತಣ್ಣಗಾಗತೊಡಗಿತು. ಗತ್ಯಂತರವಿಲ್ಲದೆ ಗೂಡಿಗೇ ಬಗ್ಗಿ ಕೂತು, ಅದು ಸುಮ್ಮಸುಮ್ಮನೆ ಲೆಕ್ಕ ಮಾಡುತ್ತಾ ಬೆವರುವಂತೆ ಒಂದು ಪ್ರೋಗ್ರಾಂ ಬರೆದರು. ಅವರ ಲಿನಕ್ಸ್ ತಪಸ್ಸಿನ ಫಲ ಅದು.

ಶುಕ್ರವಾರ ತೆಂಪೆ ಮಲ್ಲಿಗೆಯಂತೆ ಬೆಳ್ಳಗೆ, ಗಟ್ಟಿಯಾಗಿ ಕೂಡಿಬಂತು. ಊಟದ ಹೊತ್ತಿಗೆ ಕರಿದ ಒಂದು ತುಂಡು ಬಾಯಿಗಿಟ್ಟು ಲಸ್ಮಿನಿ, "ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ," ಎಂದರು.

ತರ್ಮುಜಿ ಎದೆಯುಬ್ಬಿಸಿ, ಮುಂದಿನ ಮಾತಿಗೆ ಕಿವಿಯೊಡ್ಡಿ ಕೂತರು.

ಲಸ್ಮಿನಿ ಮೆಟ್ಟಿಲ ಕಡೆ ತಿರುಗಿದರು. "ಪಾಪ, ವಯಸ್ಸಾದ್ರೂ ಮನೆಗೆ ಉಪಯೋಗಕ್ಕೆ ಬರ್ತಾ ಇದೆ ಅದು."