ಹಾಸಿಗೆ ಕಪಾಟಿನಲ್ಲಿ ಹುಟ್ಟಿದ ಗಾಯಕಿ

"ಬೀಳ್ಕೊಡುಗೆ ಪುಸ್ತಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಧ್ವನಿಶಿಲ್ಪಿ' ಅಂತ ಅಚ್ಚಾಗಬೇಕು. ಒಂದಕ್ಷರ ಕಡಿಮೆಯಾದರೂ ನಾನು ಒಪ್ಪೋನಲ್ಲ."

ಹೀಗೆಂದು ನಾನು ಊಟದ ಮೇಜಿನ ಮುಂದೆ ಘೋಷಿಸಿದಾಗ ನನ್ನ ಹೆಂಡತಿ ಚಿಜುರು ಮೀನಿನ ಮುಳ್ಳು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ನನ್ನ ಘೋಷಣೆಗಳಿಗೆ ಆಕೆ ಮುಳ್ಳಿಗಿಂತ ಹೆಚ್ಚು ಬೆಲೆ ಕೊಟ್ಟದ್ದಿಲ್ಲ.

ನಾನು ಕುಸುನೋಕಿ ಶಿಗೆತೋ. ಹಮಮಾತ್ಸು ಊರಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಮೀನಿನ ಕಡೆ ಹೋದರೆ ಒಂದು ಹಾಡು, ಮೂಲಂಗಿಯ ಕಡೆ ಹೋದರೆ ಇನ್ನೊಂದು ಹಾಡು ಕೇಳಿಸುತ್ತದಲ್ಲ, ಅವೆರಡೂ ನನ್ನ ಸೃಷ್ಟಿ. ಮನೆಯ ಆರಡಿ ಕೋಣೆಯೇ ನನ್ನ ಸ್ಟುಡಿಯೋ. ಹಾಡು ಕಟ್ಟಲು ಒಂದು ದೊಡ್ಡ ಸಾಫ್ಟ್‌ವೇರ್ ಇದೆ, ಅದು ನನ್ನ ಅನ್ನ. ಆದರೆ ಮನುಷ್ಯ ಬರೀ ಅನ್ನದಿಂದ ಬದುಕುತ್ತಾನೆಯೇ? ಅದರ ಸುತ್ತ ನಾನು ಸಾಕಿಕೊಂಡಿರುವ ಚಿಲ್ಲರೆ ಸಾಫ್ಟ್‌ವೇರುಗಳು ಲೆಕ್ಕವಿಲ್ಲ. ಕಾಗೆ ಕೂಗಿದರೆ ಅದರ ಸ್ವರ ಬರೆದುಕೊಡುವುದು ಒಂದು. ಹಾಡಿನ ತಾಳಕ್ಕೆ ಪರದೆಯ ಮೇಲೆ ಮೀನುಗಳನ್ನು ಕುಣಿಸುವುದು ಇನ್ನೊಂದು. ಮತ್ತೊಂದಕ್ಕೆ ಫೋಟೋ ಕೊಟ್ಟರೆ ಅದನ್ನು ಶಬ್ದವಾಗಿ ಮಾಡಿಕೊಡುತ್ತದೆ. ನಮ್ಮ ಅತ್ತೆಯವರ ಫೋಟೋ ಕೊಟ್ಟೆ. ಗುಡುಗು ಬಂತು. ಆ ಸಾಫ್ಟ್‌ವೇರ್ ಪ್ರಾಮಾಣಿಕವಾದದ್ದು ಎಂದು ಅಂದೇ ಖಾತ್ರಿಯಾಯಿತು.

ಈಗ ನನ್ನ ಘೋಷಣೆಯ ಹಿನ್ನೆಲೆ. ಚಿಜುರು ನಮ್ಮ ಬಡಾವಣೆಯ ಅಮ್ಮಂದಿರ ಗಾಯನ ಮೇಳದಲ್ಲಿ ಹತ್ತೊಂಬತ್ತು ವರ್ಷಗಳಿಂದ ಹಾಡುತ್ತಾಳೆ. ಮೇಲ್ದನಿಯವರು ಒಂದು ಕಡೆ, ಕೆಳದನಿಯವರು ಒಂದು ಕಡೆ ನಿಂತು ಹಾಡುವ ಮೇಳ. ಚಿಜುರು ಕೆಳದನಿಯ ಒಂಬತ್ತು ಜನಕ್ಕೆ ಲೀಡರ್. ಈ ಒಂಬತ್ತರಲ್ಲಿ ಚಿಜುರು ಒಬ್ಬಳನ್ನು ಬಿಟ್ಟರೆ ಯಾರಿಗೂ ಸ್ವರಲಿಪಿ ಓದಲು ಬರುವುದಿಲ್ಲ. ಎಲ್ಲವೂ ಕಿವಿಯಿಂದ. ಹೇಳಿಕೊಡುವ ಓತೋವಾ ಟೀಚರ್ ಪ್ರತಿ ವರ್ಷ ಎರಡೂ ದನಿಗಳನ್ನು ತಾವೇ ಹಾಡಿ ರೆಕಾರ್ಡು ಮಾಡಿ ಕೊಡುತ್ತಿದ್ದರು. ಅದನ್ನು ಅಡುಗೆ ಮಾಡುತ್ತ, ಬಟ್ಟೆ ಮಡಚುತ್ತ ಎರಡು ತಿಂಗಳು ಕೇಳಿ ಕಲಿಯುವುದು ಇವರ ಪದ್ಧತಿ. 'ರೆಕಾರ್ಡಿನಲ್ಲಿ ಇದ್ದ ಹಾಗೇ ಹಾಡಿ, ನಿಮ್ಮ ಕೈಯಿಂದ ಏನೂ ಸೇರಿಸಬೇಡಿ' ಎಂಬುದು ಟೀಚರ್ ಹಾಕಿಕೊಟ್ಟ ಕಾನೂನು.

ಈ ವರ್ಷ ಟೀಚರಿಗೆ ಗಂಟಲಿನ ಆಪರೇಷನ್ ಆಯಿತು. ಎಪ್ಪತ್ತೆಂಟು ವರ್ಷ. ಡಾಕ್ಟರು ಹಾಡುವುದಿರಲಿ, ಮಾತೂ ಆಡಬೇಡಿ ಎಂದರು. ಅವರು ಕೊರಳಿಗೆ ಪುಟ್ಟ ಬರೆಯುವ ಹಲಗೆ ತಗುಲಿಸಿಕೊಂಡು ಬಂದರು. ಮೇ ಕೊನೆಯ ಸ್ಪರ್ಧೆ ಮುಗಿದ ಮೇಲೆ ನಿವೃತ್ತಿ ಎಂದು ಅದರಲ್ಲಿ ಬರೆದು ತೋರಿಸಿದರು. ಹಾಡಬೇಕಾಗಿದ್ದದ್ದು ಟೀಚರ್ ತಾವೇ ತಮ್ಮ ಹುಟ್ಟೂರಿನ ಸರೋವರದ ಮೇಲೆ ಕಟ್ಟಿದ ಹಾಡು. ಹಿಂದಿನ ವರ್ಷ ಸ್ಪರ್ಧೆಯಲ್ಲಿ ಕೆಳದನಿಯವರು ಅರ್ಧದಾರಿಯಲ್ಲಿ ಮೇಲ್ದನಿಯ ರಾಗ ಹಿಡಿದುಕೊಂಡು ಹೋಗಿ, ಹಾಡು ಮುಗಿಯುವಾಗ ಮೇಳದಲ್ಲಿ ಕೆಳದನಿ ಎಂಬುದೇ ಇರಲಿಲ್ಲ. ಆ ಅವಮಾನವನ್ನು ಚಿಜುರು ಇನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಟೀಚರ ಕೊನೆಯ ಸ್ಪರ್ಧೆಯಲ್ಲೂ ಹಾಗಾದರೆ ಮತ್ತೆ ಅವರ ಮುಖ ನೋಡಲಾರೆ ಎಂದು ಒಂದು ದಿನ ನನ್ನೆದುರು ಕಣ್ಣೀರು ಹಾಕಿದಳು. ಮೇಲ್ದನಿಗೇನೋ ಸ್ವರಲಿಪಿ ಬಲ್ಲವರಿದ್ದರು. ಕೆಳದನಿಗೆ ಹಾಡಿ ಕೊಡುವವರು ಯಾರು?

"ನೀನೇ ಹಾಡಿ ಕೊಡು" ಎಂದೆ.

"ನಾನು ಹಾಡಿದ್ದನ್ನ ಎಂಟು ಮನೆಯಲ್ಲಿ ಎರಡು ತಿಂಗಳು ಕೇಳ್ತಾರೆ ಅಂದ್ರೆ ನನಗೆ ಗಂಟಲೇ ಬಿಡಲ್ಲ ರೀ. ಎಲ್ಲಾದ್ರೂ ಶ್ರುತಿ ತಪ್ಪಿದ್ರೆ?"

ಆಗ ಬೆಳಗಿತು ನನ್ನ ತಲೆ. ನನ್ನ ಸಂಗ್ರಹದಲ್ಲಿ ಹಾಡುವ ಸಾಫ್ಟ್‌ವೇರ್ ಒಂದಿತ್ತು. ಯಾರದಾದರೂ ದನಿಯನ್ನು ಅ, ಇ, ಉ, ಕ, ಕಿ, ಕು ಎಂದು ಬಿಡಿಬಿಡಿ ಅಕ್ಷರಗಳಾಗಿ ಕೊಟ್ಟರೆ ಸಾಕು. ಆಮೇಲೆ ಸ್ವರ, ಸಾಹಿತ್ಯ ಬರೆದುಕೊಟ್ಟ ಹಾಗೆ ಆ ಅಕ್ಷರಗಳನ್ನು ಪೋಣಿಸಿ ತಾನೇ ಹಾಡುತ್ತದೆ. ಶ್ರುತಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ. "ನೀನು ಹಾಡೋದೇ ಬೇಡ ಕಣೇ. ಅಕ್ಷರಮಾಲೆ ಓದಿಬಿಡು. ಉಳಿದದ್ದು ನನಗೆ ಬಿಡು" ಎಂದೆ. ಟೀಚರ ಬೀಳ್ಕೊಡುಗೆಗೆ ಅಚ್ಚಾಗಲಿದ್ದ ಪುಸ್ತಿಕೆಯಲ್ಲಿ ನನಗೆ ಸಲ್ಲಬೇಕಾದ ಬಿರುದನ್ನು ಘೋಷಿಸಿದ್ದು ಇದೇ ಸಂದರ್ಭದಲ್ಲಿ.

ದನಿ ಹಿಡಿಯಲು ಅದು ಗೋಡೆಗೆ ಬಡಿದು ಮರಳದಂಥ ಜಾಗ ಬೇಕು. ನಮ್ಮಂಥವರ ಮನೆಗಳಲ್ಲಿ ಅದಕ್ಕೆ ಹೇಳಿ ಮಾಡಿಸಿದ್ದು ಹಾಸಿಗೆ ಮಡಚಿಡುವ ಗೋಡೆ ಕಪಾಟು. ಒಳಗೆ ಹಾಸಿಗೆಗಳ ನಡುವೆ ಮನುಷ್ಯನನ್ನು ಕೂರಿಸಿ ಬಾಗಿಲು ಎಳೆದರೆ ಮುಗಿಯಿತು. ಆದರೆ ಹಾಸಿಗೆ ಚೆನ್ನಾಗಿ ಉಬ್ಬಿರಬೇಕು. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಚಿಜುರು ಪೇಟೆಗೆ ಹೋದಾಗ ನಾನು ಮನೆಯ ಏಳೂ ಹಾಸಿಗೆಗಳನ್ನು ಬಾಲ್ಕನಿಯ ಕಂಬಿಗೆ ಹಾಕಿದೆ. ಬಿಸಿಲು, ಗಾಳಿ ಎರಡೂ ಭರ್ಜರಿಯಾಗಿದ್ದವು. ಆ ಬಡಾವಣೆಯಲ್ಲಿ ಅಂದು ಹಾಸಿಗೆ ಹೊರಗೆ ಹಾಕಿದ್ದವನು ನಾನೊಬ್ಬನೇ. ಉಳಿದವರೆಲ್ಲ ಸೋಮಾರಿಗಳು ಎಂದುಕೊಂಡೆ.

ಬೆಟ್ಟದ ಸುಗಿ ಎಂಬ ದೇವದಾರು ಜಾತಿಯ ಮರಗಳು ಊರ ಮೇಲೆ ಪರಾಗ ಸುರಿಯುವ ತಿಂಗಳು ಅದು. ಅರ್ಧ ಊರು ಮೂಗು ಕಟ್ಟಿಕೊಂಡು, ಮಾಸ್ಕು ಹಾಕಿಕೊಂಡು ಓಡಾಡುತ್ತದೆ. ಚಿಜುರು ಆ ಅರ್ಧಕ್ಕೆ ಸೇರಿದವಳು. ನಾನು ಉಳಿದರ್ಧ. ಹುಟ್ಟಿದಾಗಿನಿಂದ ಪರಾಗಕ್ಕೆ ಒಂದು ಸೀನು ಸೀನಿದವನಲ್ಲ, ಅದೆಲ್ಲ ಮನಸ್ಸಿನ ದೌರ್ಬಲ್ಯ ಎಂದು ನಂಬಿದವನು.

ಆಕೆ ಬಂದಳು. ನಾನು ಏಳು ಹಾಸಿಗೆಗಳ ನಡುವೆ ಆಕೆಯನ್ನು ಕೂರಿಸಿ, ಮೈಕು ಕೊಟ್ಟು ಬಾಗಿಲೆಳೆದೆ. ಅ, ಇ, ಉ ಚೆನ್ನಾಗಿ ಬಂದವು. ಕ ಸಾಲು ಬಂತು. ತ ಸಾಲಿನಲ್ಲಿ ಎರಡು ಸೀನು. ನ ಸಾಲಿಗೆ ಬರುವಾಗ ಕಪಾಟಿನೊಳಗಿಂದ ದೀನ ಸ್ವರವೊಂದು ಕೇಳಿತು.

"ರೀ, ದದ್ದ ಬೂಗು ಕಟ್ಟಿದೆ."

"ಪರವಾಗಿಲ್ಲ, ಓದು. ಅದನ್ನೆಲ್ಲ ಯಂತ್ರ ಸರಿ ಮಾಡುತ್ತೆ."

ಓದಿದಳು, ಪಾಪ. ಹೊರಗೆ ಬಂದಾಗ ಕಣ್ಣು ಕೆಂಪಗೆ ಟೊಮೇಟೊ. ಹಾಸಿಗೆ ಹೊರಗೆ ಹಾಕಿದಿರಾ ಎಂದು ಕೇಳಿದಳು. ಇಲ್ಲ ಎಂದೆ. ಕಲೆಗಾಗಿ ಒಂದು ಸುಳ್ಳು.

ಮೂರು ದಿನ ಕೂತು ಪೋಣಿಸಿದೆ. ಗಾಯಕಿ ಹುಟ್ಟಿದಳು. ದನಿಯಲ್ಲಿ ಏನೋ ಒಂದು ಮಂದ್ರ, ಒಂದು ಗಾಂಭೀರ್ಯ. ಹಾಸಿಗೆಗಳ ಮಹಿಮೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಒಂದೇ ಸಾಲನ್ನು ನೂರು ಸಲ ಕೇಳಿದ ಕಿವಿಗೆ ಸರಿಯಾವುದು ತಪ್ಪಾವುದು ತಿಳಿಯುವುದಿಲ್ಲ, ನನ್ನ ಕಸುಬಿನವರಿಗೆಲ್ಲ ಇದು ಗೊತ್ತು. ಚಿಜುರು ತನ್ನ ದನಿ ತಾನೇ ಕೇಳಲು ನಾಚಿಕೆ ಎಂದು ಕೇಳಲೇ ಇಲ್ಲ. ಆಕೆಗೆ ಸ್ವರಲಿಪಿ ಸಾಕು. ರೆಕಾರ್ಡು ಎಂಟು ಮನೆಗಳಿಗೆ ಹೋಯಿತು.

ಮಾರ್ಚ್, ಏಪ್ರಿಲ್ ಎಲ್ಲ ಅಭ್ಯಾಸ ನಡೆಯಿತು. ಎಲ್ಲರ ಮುಖಕ್ಕೂ ಮಾಸ್ಕು, ಎಲ್ಲರ ಕೈಯಲ್ಲೂ ಕರವಸ್ತ್ರ. ಕೆಳದನಿಯ ಕಡೆಯಿಂದ ಬರುತ್ತಿದ್ದ ಶಬ್ದ ಸ್ವಲ್ಪ ವಿಚಿತ್ರವಾಗಿತ್ತಂತೆ. ಟೀಚರ್ ಹಲಗೆಯಲ್ಲಿ 'ಪರಾಗ ಮುಗಿಯಲಿ, ಸರಿಹೋಗುತ್ತೆ' ಎಂದು ಬರೆದರು. ರಾಗವೇನೋ ಕಂಬ ನೆಟ್ಟಂತೆ ನಿಂತಿತ್ತು. ಚಿಜುರು ಮನೆಗೆ ಬಂದು ನನಗೆ ಒಂದು ತುಂಡು ಹೆಚ್ಚಿಗೆ ಮೀನು ಬಡಿಸಿದಳು.

ಮೇ ಬಂತು. ಪರಾಗ ಮುಗಿಯಿತು. ಸ್ಪರ್ಧೆಗೆ ಹನ್ನೊಂದು ದಿನವಿದೆ ಎನ್ನುವಾಗ ಮೊದಲ ಸಲ ಎಲ್ಲರೂ ಮಾಸ್ಕು ತೆಗೆದು ಹಾಡಿದರು. ಹಾಡಿನ ಮೊದಲ ಸಾಲು 'ಮಿನಾಮಿ ನೋ ಕಾಜೆ, ಹಮಾನಾ ನೋ ನಾಮಿ'. ತೆಂಕಣ ಗಾಳಿ, ಹಮಾನಾ ಸರೋವರದ ಅಲೆ ಎಂದು ಅರ್ಥ. ಎಂಟು ಮಂದಿ ಆರೋಗ್ಯವಂತ ಹೆಂಗಸರು ಎದೆಯುಬ್ಬಿಸಿ, ಸ್ವಚ್ಛವಾದ ಮೂಗುಗಳನ್ನು ಎತ್ತಿ ಹಾಡಿದರು:

"ಬಿದಾಬಿ ದೋ ಕಾಜೆ, ಹಬಾದಾ ದೋ ದಾಬಿ."

ಟೀಚರ್ ಕೈ ನಿಲ್ಲಿಸಿದರು. ಹಲಗೆಯಲ್ಲಿ ಬರೆದರು: 'ಪರಾಗ ಹೋಯಿತು. ಈಗ ಮೂಗಿನಲ್ಲಿ ಏನಿದೆ?'

ಆ ಎಂಟು ಜನರಲ್ಲಿ ಗಟ್ಟಿಗಿತ್ತಿಯಾದ ಹಿಬಿನೋ ಎಂಬಾಕೆ ಬಾಯಿಬಿಟ್ಟಳು. "ರೆಕಾರ್ಡಿನಲ್ಲಿ ಹೀಗೇ ಇದೆ ಟೀಚರ್. ನಮ್ಮ ಲೀಡರ್ ಕುಸುನೋಕಿ ಅವರೇ ಹೀಗೆ ಹಾಡಿದ್ದಾರೆ. ಇದೇನೋ ಹೊಸ ಶೈಲಿ ಇರಬೇಕು, ಕೇಳಿದ್ರೆ ಅವರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ಉಳಿದ ಏಳು ಜನರೂ ಹಾಗೆಯೇ ಸುಮ್ಮನಿದ್ದವರು. ಎಂಟು ಮನೆಗಳಲ್ಲಿ ಎಂಟು ಮಂದಿಗೆ ಮೊದಲ ದಿನವೇ ಅನುಮಾನ ಬಂದಿತ್ತು. ಲೀಡರಿನ ಮನಸ್ಸು ನೋಯಿಸಬಾರದೆಂಬ ಒಂದೇ ಸೌಜನ್ಯದಿಂದ ಎಂಟೂ ಜನ ಎರಡು ತಿಂಗಳು ಶ್ರದ್ಧೆಯಿಂದ ಮೂಗು ಕಟ್ಟಿಕೊಂಡು ಅಭ್ಯಾಸ ಮಾಡಿದ್ದರು. ನಮ್ಮ ಜನರ ಸೌಜನ್ಯಕ್ಕೆ ಸರಿಸಾಟಿ ಇಲ್ಲ.

ಚಿಜುರು ಮನೆಗೆ ಬಂದು ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡು ಹಾಕಿದಳು. ನಾವಿಬ್ಬರೂ ಪೂರ್ತಿ ಕೇಳಿದೆವು. ಹಾಡಿನ ಕೊನೆಯಲ್ಲಿ ತುಟಿ ಮುಚ್ಚಿ 'ಮ್' ಎಂದು ಎಳೆಯುವ ದೀರ್ಘ ಗುಂಜನವಿದೆ. ಕಟ್ಟಿದ ಮೂಗಿನಿಂದ ಅದು ಹೊರಡುವುದೇ ಇಲ್ಲ. ನನ್ನ ಗಾಯಕಿ ಆ ಜಾಗದಲ್ಲಿ ಯಾರೋ ದಿಂಬಿನಡಿ ಸಿಕ್ಕಿಕೊಂಡಂತೆ ಒದ್ದಾಡಿದಳು.

"ಈಗ ಹೇಳಿ" ಎಂದಳು ಚಿಜುರು, ಬಹಳ ಮೆಲ್ಲಗೆ. "ಆವತ್ತು ಹಾಸಿಗೆ ಹೊರಗೆ ಹಾಕಿದ್ರೋ ಇಲ್ವೋ?"

"ಏಳೂ ಹಾಕಿದ್ದೆ" ಎಂದೆ.

ಆಕೆ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಹೋಗಿ ಅಕ್ಕಿ ತೊಳೆಯಲು ನಿಂತಳು. ಹೊಸದಾಗಿ ದನಿ ಹಿಡಿದು ಸರಿಯಾದ ರೆಕಾರ್ಡು ಎರಡೇ ದಿನದಲ್ಲಿ ಕೊಡುತ್ತೇನೆ ಎಂದು ಬೆನ್ನಿಗೆ ಹೇಳಿದೆ. ಕೊಟ್ಟೂ ಕೊಟ್ಟೆ. ಪರಿಣಾಮವಾಗಿ ನಾಲ್ವರು 'ಮಿನಾಮಿ' ಎಂದೂ ನಾಲ್ವರು 'ಬಿದಾಬಿ' ಎಂದೂ ಹಾಡತೊಡಗಿದರು. ಮೊದಲು ಒಗ್ಗಟ್ಟಾದರೂ ಇತ್ತು.

ಆಮೇಲೆ ಚಿಜುರು ನನ್ನ ಯಂತ್ರಗಳನ್ನೆಲ್ಲ ಬದಿಗಿಟ್ಟಳು. ಗಂಟಲು ಬಿಡುವುದಿಲ್ಲ ಎಂದಿದ್ದವಳು ಎಂಟೂ ಜನರನ್ನು ಬೆಳಗ್ಗೆ ಆರೂವರೆಗೆ ನದಿ ದಂಡೆಗೆ ಕರೆದಳು. ಎದುರಿಗೆ ನಿಂತು ತಾನೇ ಹಾಡಿದಳು, ಅವರು ಆಕೆಯ ಬಾಯಿ ನೋಡಿ ಹಾಡಿದರು. ಒಂದೊಂದು ಮ, ಒಂದೊಂದು ನ ಬಿಡಿಸಿ ಬಿಡಿಸಿ ಹೇಳಿಸಿದಳು. ಒಂದೆರಡು ಸಲ ಶ್ರುತಿ ತಪ್ಪಿದಳು, ಯಾರೂ ಸಾಯಲಿಲ್ಲ. ನನಗೂ ಒಂದು ಕೆಲಸ ಕೊಟ್ಟಳು. ದಂಡೆಯಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಒಂಬತ್ತು ಜನ ನಿಲ್ಲುವಷ್ಟು ಜಾಗಕ್ಕೆ ನಾನು ಕುಡುಗೋಲು ಹಿಡಿದು ಹುಲ್ಲು ಕೊಯ್ಯಬೇಕು. ದಿನವೂ ಕೊಯ್ದೆ. ಐದನೆಯ ದಿನ ಮೂಗು ತುರಿಸಿತು. ಏಳನೆಯ ದಿನ ಕಣ್ಣಲ್ಲಿ ನೀರು. ಮೇ ತಿಂಗಳಲ್ಲಿ ಹುಲ್ಲಿಗೂ ಪರಾಗ ಇರುತ್ತದೆಂದು ಔಷಧಿ ಅಂಗಡಿಯವನು ಸಂತೋಷದಿಂದ ತಿಳಿಸಿದ.

ಸ್ಪರ್ಧೆಯ ದಿನ ನಾನು ಸಭಾಂಗಣದ ಮೂರನೆಯ ಸಾಲಿನಲ್ಲಿ ಕೂತೆ. ಟೀಚರ್ ಕೈ ಎತ್ತಿದರು. 'ಮಿನಾಮಿ ನೋ ಕಾಜೆ' ಎಂದು ಕೆಳದನಿ ಎದ್ದಿತು. ತಿಳಿಯಾಗಿ, ಒಂದೇ ಬಾಯಿಂದ ಬಂದ ಹಾಗೆ. ಅಲೆ ಬಂತು, ಸರೋವರ ಬಂತು, ರಾಗ ಎಲ್ಲಿಯೂ ಮೇಲಕ್ಕೆ ಓಡಿಹೋಗಲಿಲ್ಲ. ಕೊನೆಯ ಗುಂಜನ ಶುರುವಾಯಿತು. ಒಂಬತ್ತು ಮೂಗುಗಳಿಂದ ಹೊರಟ ಆ 'ಮ್' ನೆಲವನ್ನು ಹಿಡಿದುಕೊಂಡು ಹಬ್ಬಿತು. ಹೆಂಡತಿಯ ಮುಖ ನೋಡಿದೆ, ಹತ್ತೊಂಬತ್ತು ವರ್ಷದಲ್ಲಿ ಆಕೆ ಅಷ್ಟು ನಿಶ್ಚಿಂತೆಯಿಂದ ಹಾಡಿದ್ದನ್ನು ನಾನು ಕಂಡಿರಲಿಲ್ಲ. ಹೆಮ್ಮೆಯಿಂದ ಎದೆ ತುಂಬಿ ಬಂತು. ಅದರ ಜೊತೆಗೆ ಒಂದು ಸೀನೂ ಬಂತು.

ಕರವಸ್ತ್ರ ಕಚ್ಚಿದೆ. ತೊಡೆ ಚಿವುಟಿಕೊಂಡೆ. ಗುಂಜನ ಮುಗಿಯುವವರೆಗೆ ಆ ಸೀನನ್ನು ನಾನು ಹಿಡಿದಿಟ್ಟದ್ದು ಸಂಗೀತಲೋಕಕ್ಕೆ ನಾನು ಮಾಡಿದ ಏಕೈಕ ಸೇವೆ. ದನಿ ಪೂರ್ತಿ ಆರಿ, ಟೀಚರ ಕೈ ಇನ್ನೂ ಗಾಳಿಯಲ್ಲಿದ್ದಾಗ, ಸೂಜಿ ಬಿದ್ದರೂ ಕೇಳುವ ಆ ನಿಶ್ಶಬ್ದದಲ್ಲಿ ಅದು ಹೊರಬಂತು. ಅದನ್ನೇ ಸೂಚನೆ ಎಂದುಕೊಂಡು ಸಭಾಂಗಣ ಪೂರ್ತಿ ಚಪ್ಪಾಳೆ ಹೊಡೆಯಿತು. ಬಹುಮಾನ ಬರಲಿಲ್ಲ, ಆದರೆ ತೀರ್ಪುಗಾರರ ಕಾಗದದಲ್ಲಿ 'ಕೆಳದನಿಯ ಉಚ್ಚಾರ ಅತ್ಯಂತ ಸ್ಪಷ್ಟ' ಎಂದಿತ್ತು. ಟೀಚರ್ ಅದನ್ನು ಎರಡು ಸಲ ಓದಿ ಹಲಗೆಯಲ್ಲಿ 'ಇನ್ನು ಮೇಳ ನಿನ್ನದು' ಎಂದು ಬರೆದು ಚಿಜುರುವಿನ ಕೊರಳಿಗೇ ಹಾಕಿದರು. ಚಿಜುರು ಅತ್ತಳು. ನಾನು ಮೊದಲೇ ಅಳುತ್ತಿದ್ದೆ, ಹುಲ್ಲಿನ ದೆಸೆಯಿಂದ.

ಮುಂದಿನ ವಾರ ಬೀಳ್ಕೊಡುಗೆಯ ಪುಸ್ತಿಕೆ ಅಚ್ಚಾಗಿ ಬಂತು. ನೇರವಾಗಿ ಕೊನೆಯ ಪುಟ ತೆಗೆದೆ. ಸಹಕರಿಸಿದವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಮುಂದೆ ನನ್ನ ಬಿರುದೂ ಇತ್ತು.

'ಹಾಸಿಗೆ ಬಿಸಿಲಿಗೆ ಹಾಕಿದವರು: ಶ್ರೀ ಕುಸುನೋಕಿ ಶಿಗೆತೋ.'

ಅಚ್ಚಿನ ತಪ್ಪಿರಬೇಕು ಎಂದುಕೊಂಡೆ. ಆದರೆ ಅದರ ಕೆಳಗೇ 'ಕರಡು ತಿದ್ದಿದವರು: ಶ್ರೀಮತಿ ಕುಸುನೋಕಿ ಚಿಜುರು' ಎಂದಿತ್ತು. ಪುಸ್ತಿಕೆ ಹಿಡಿದು ಅಡುಗೆಮನೆಗೆ ನುಗ್ಗಿದೆ. ಊರಲ್ಲಿ ನನ್ನ ಮಾನ ಏನಾಗಬೇಕು ಎಂದು ಗುಡುಗುವುದು ನನ್ನ ಉದ್ದೇಶವಾಗಿತ್ತು.

"ಏದೇ ಇದು? ಊರಲ್ಲಿ ದದ್ದ ಬಾದ ಏದಾಗ್ಬೇಕು?"

ಚಿಜುರು ಮೀನಿನ ಮುಳ್ಳು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಪರವಾಗಿಲ್ಲ ಬಿಡಿ. ಅದನ್ನೆಲ್ಲ ಯಂತ್ರ ಸರಿ ಮಾಡುತ್ತೆ."