ಜಯಮ್ಮನನ್ನ ನಾನು ಏರ್‌ಪೋರ್ಟಿಗೆ ಬಿಟ್ಟಿದ್ದು

ಕಾರು ರಿಪೇರಿ ಏನು ದೊಡ್ಡ ವಿದ್ಯೆ ಅಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಕಟ್ಟಿಕೊಂಡಿದ್ದು ಮೆಕ್ಯಾನಿಕ್‌ನ. ಸಿಂಗಾಪುರಕ್ಕೆ ಬಂದಾಗಿನಿಂದ ಅವರು ಕಾರಿನ ಕೆಳಗೆ ಮಲಗೋರು, ನಾನು ಸ್ಪ್ಯಾನರ್ ಎತ್ತಿ ಕೊಡೋಳು. ಅವರು ಸತ್ತರು. ಕಾರು ಸಾಯಲಿಲ್ಲ. ತುಂಬಾ ಹಳೇ ಗಾಡಿ, ವರ್ಷದಲ್ಲಿ ಕೆಲವೇ ದಿನ ರಸ್ತೆಗಿಳಿಸೋಕೆ ಪರವಾನಗಿ. ಉಳಿದ ದಿನ ಅದು ನಮ್ಮ ಫ್ಲಾಟುಗಳ ಬ್ಲಾಕಿನ ಕೆಳಗೆ ಕೂತಿರುತ್ತೆ, ನಾನು ಮೇಲೆ ಕೂತಿರ್ತೀನಿ.

ಮೇಲಿನ ಮನೆ ಪ್ರದೀಪನ ತಾಯಿ ಜಯಮ್ಮ ಮೈಸೂರಿಂದ ಬಂದು ಕೆಲವು ತಿಂಗಳು ಇದ್ದಳು. ಈ ಬ್ಲಾಕಿನಲ್ಲಿ ನನ್ನ ಜೊತೆ ಕನ್ನಡದಲ್ಲಿ ಜಗಳ ಆಡೋಕೆ ಸಿಕ್ಕವಳು ಅವಳೊಬ್ಬಳೇ. ಈಗ ಹೊರಟು ನಿಂತಳು. ಮಂಡಿ ನೋವು, ಇನ್ನು ವಿಮಾನ ಹತ್ತಲ್ಲ ಅಂದಳು.

"ಏರ್‌ಪೋರ್ಟಿಗೆ ನಾನೇ ಬಿಡ್ತೀನಿ" ಅಂದೆ. ನಾವಿರೋ ಬುಕಿತ್ ಬಾಟೋಕ್‌ನಿಂದ ಏರ್‌ಪೋರ್ಟು ಅಂದರೆ ಊರಿನ ಈ ತುದಿಯಿಂದ ಆ ತುದಿ. ಅಷ್ಟು ದೂರ ಮಾತಾಡಿಕೊಂಡು ಹೋಗಬಹುದು. ಅಳೋದು ಗಿಳೋದು ನನಗೆ ಬರಲ್ಲ. ಕಾರು ಓಡಿಸೋಕೆ ಬರುತ್ತೆ.

"ಅಕ್ಕಾ, ನಿಮ್ಮ ಕಾರು ಬಿಕ್ಕಳಿಸುತ್ತಲ್ಲ?" ಅಂದಳು.

"ಕ್ಯಾಬ್ ಬುಕ್ ಮಾಡ್ತೀನಿ ಬಿಡಿ ಆಂಟಿ" ಅಂದ ಪ್ರದೀಪ.

ಬಿಕ್ಕಳಿಸೋದು ನಿಜ. ಮಿಸ್ಸಿಂಗ್ ಹೊಡೀತಿತ್ತು. ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಅಂತ ಒಂದು ಡಬ್ಬಿ ಇರುತ್ತೆ, ನಾಲ್ಕು ಪ್ಲಗ್‌ಗೂ ಕರೆಂಟ್ ಹಂಚೋದು ಅದರ ಕೆಲಸ. ಅದರೊಳಗಿನ ಪಾಯಿಂಟ್ ಸವೆದಿತ್ತು. ಅದನ್ನ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಬೇಕು ಅಂತ ನಮ್ಮೆಜಮಾನರು ಹೇಳ್ತಾನೇ ಹೋಗಿಬಿಟ್ಟರು. ಆ ಮಹತ್ಕಾರ್ಯವನ್ನು ನಾನು ಕೈಗೆತ್ತಿಕೊಂಡೆ!

ಪ್ರದೀಪ ಆನ್‌ಲೈನ್‌ನಲ್ಲಿ ಸಾಮಾನು ತರಿಸಿಕೊಟ್ಟ. ಜಯಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು.

"ಡಬ್ಬಿ ಜೊತೆ ಬಂದ ಈ ಕಾಗದದಲ್ಲಿ ಹೇಗೆ ಹಾಕೋದು ಅಂತ ಬರೆದಿದ್ದಾರೆ. ಓದ್ಲಾ ಅಕ್ಕಾ?"

"ಓದಿಕೊಂಡು ಯಾರಾದ್ರೂ ಸಾರು ಮಾಡ್ತಾರಾ? ಸುಮ್ಮನೆ ಕೂತ್ಕೋ."

ಪ್ಲಗ್ಗಿನ ತಂತಿಗಳನ್ನೆಲ್ಲ ಒಟ್ಟಿಗೇ ಕಿತ್ತೆ.

"ಯಾವುದು ಎಲ್ಲಿಗೆ ಅಂತ ಗುರುತು ಹಾಕಿಕೊಂಡ್ರಾ?"

"ನಾಲ್ಕು ತಂತಿ, ನಾಲ್ಕು ತೂತು. ಅದಕ್ಕೆ ಗುರುತು ಬೇರೆ!"

ಪಾಯಿಂಟ್ ತೆಗೆದೆ, ಹೊಸದು ಕೂರಿಸಿದೆ, ತಂತಿ ಸಿಕ್ಕಿಸಿದೆ, ಕೀ ತಿರುಗಿಸಿದೆ. ಢಂ! ಸೈಲೆನ್ಸರ್ ದೀಪಾವಳಿ ಆಚರಿಸಿತು. ಬ್ಲಾಕಿನ ಕೆಳಗಿನ ಖಾಲಿ ಜಗಲಿ, ಅದೇ ವಾಯ್ಡ್ ಡೆಕ್‌ನಲ್ಲಿ ಚೆಸ್ ಆಡ್ತಿದ್ದ ಚೀನಿ ಮುದುಕರು ಎದ್ದು ನಿಂತರು. ರಾಜ, ಮಂತ್ರಿ ಎಲ್ಲಾ ನೆಲದ ಮೇಲೆ!

"ಆಂಟಿ, ಯು ಓಕೆ ಆ?" ಅಂದ ಅವರಲ್ಲೊಬ್ಬ.

"ಓಕೆ, ಓಕೆ" ಅಂದೆ, ಮುಖದ ಮಸಿ ಒರೆಸಿಕೊಳ್ತಾ. ಜಯಮ್ಮ ಸ್ಟೂಲಿನಿಂದ ಬೀಳೋ ಹಾಗೆ ನಗ್ತಿದ್ದಳು. ಕೊನೆಗೆ ಅವಳೇ ಆ ಕಾಗದ ಓದಿ ತಂತಿಗಳ ಸರದಿ ಹೇಳಿದಳು. ನಾನು ಕೇಳಿಸಿಕೊಳ್ಳದವಳ ಹಾಗೆ ಕೇಳಿಸಿಕೊಂಡೆ.

ಇಂಜಿನ್ನು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು! ಒಂದು ಸುತ್ತು ಹೊಡೆದು ಬಂದೆ. ಮುದುಕರೆಲ್ಲ ಬಂದು ಬಾನೆಟ್ ಒಳಗೆ ಇಣುಕಿದರು. "ವಾಹ್ ಆಂಟಿ, ಸೋ ಸ್ಮೂತ್ ಲಾ!"

ಇಷ್ಟು ಜನದ ಕಣ್ಣು ಬಿದ್ದರೆ ಗಾಡಿ ಉಳಿಯುತ್ತಾ? ಮನೆಗೆ ಹೋಗಿ, ನಾನೇ ಮಾಡಿದ ಕಾಡಿಗೆ ತಂದೆ. ಹೊರಗೆ ಇಟ್ಟರೆ ಯಾರಾದರೂ ಒರೆಸ್ತಾರೆ. ಕೂಸಿಗಾದರೆ ಅಂಗಾಲಿಗೆ ಇಡ್ತೀವಿ, ಕಾಣಲ್ಲ. ಕಾರಿಗೆ ಅಂಗಾಲು ಎಲ್ಲಿ? ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಒಳಗಿನ ನಾಲ್ಕು ಮೊಳೆಗೂ ನಡುವಿನದಕ್ಕೂ ಧಾರಾಳವಾಗಿ ದೃಷ್ಟಿಬೊಟ್ಟು ಇಟ್ಟೆ. ಮಾಡೋ ಕೆಲಸ ಪೂರ್ತಿ ಮಾಡಬೇಕು ನೋಡಿ!

ಹೊರಡೋ ದಿನ ಬಂತು. ಸೂಟ್‌ಕೇಸುಗಳು ಡಿಕ್ಕಿಯಲ್ಲಿ, ಪ್ರದೀಪ ಹಿಂದೆ, ಜಯಮ್ಮ ನನ್ನ ಪಕ್ಕ. ದಾರಿಯಲ್ಲಿ ತಿನ್ನೋಕೆ ಚಕ್ಕುಲಿ ಬೇರೆ ತಂದಿದ್ದಳು. ಕೀ ತಿರುಗಿಸಿದೆ. ಬಿಕ್ಕಳಿಕೆ ಹೋಗಿ ಗೂರಲು ಬಂದಿತ್ತು! ಕೆಮ್ಮುತ್ತಾ, ಕುಪ್ಪಳಿಸುತ್ತಾ ಕಾರ್‌ಪಾರ್ಕಿನ ಗೇಟಿನವರೆಗೆ ಹೋಗಿ ಅಲ್ಲೇ ಪ್ರಾಣ ಬಿಟ್ಟಿತು. ಹಿಂದಿನ ಕಾರಿನವರು ಹಾರ್ನ್ ಮಾಡಿದರು. ಪ್ರದೀಪ ಕ್ಯಾಬ್ ಬುಕ್ ಮಾಡಿದ.

ಸೂಟ್‌ಕೇಸುಗಳು ಆ ಗಾಡಿಗೆ ಹೋದವು. ಜಯಮ್ಮ ನನ್ನ ಕೈ ಹಿಡಕೊಂಡಳು. "ಮೈಸೂರಿಗೆ ಬನ್ನಿ ಅಕ್ಕಾ."

"ಬರ್ತೀನಿ ಹೋಗು. ವಿಮಾನ ನಿನಗೋಸ್ಕರ ಕಾಯಲ್ಲ."

ಹೋದಳು.

ಮುದುಕರು ಸೇರಿ ಕಾರನ್ನ ಪಕ್ಕಕ್ಕೆ ತಳ್ಳಿಕೊಟ್ಟರು. ಪ್ಲಗ್ ನೋಡಿದೆ, ಬ್ಯಾಟರಿ ನೋಡಿದೆ, ಪೆಟ್ರೋಲ್ ನೋಡಿದೆ. ಎಲ್ಲಾ ಆದ ಮೇಲೆ ಆ ಮುಚ್ಚಳ ಬಿಚ್ಚಿದೆ. ಕಾಡಿಗೆ ಅಂದರೆ ಮಸಿ. ಮಸಿ ಕಂಡರೆ ಕರೆಂಟ್ ದಾರಿ ತಪ್ಪುತ್ತೆ, ಇಲ್ಲಿ ಮಸಿ ಇರಬಾರದು ಅಂತ ನಮ್ಮೆಜಮಾನರು ನನ್ನ ಕೈಯಲ್ಲೇ ಆ ಮುಚ್ಚಳ ಒರೆಸಿಸ್ತಿದ್ದರು. ಊರಿನವರ ಕಣ್ಣು ಪಾಪ ಏನೂ ಮಾಡಿರಲಿಲ್ಲ. ನನ್ನ ಬೆರಳೇ ಸಾಕಾಗಿತ್ತು!

ಸೆರಗಿನಲ್ಲಿ ತಿಕ್ಕಿ ಒರೆಸಿ ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟು!

ಅಷ್ಟರಲ್ಲಿ ಫೋನು. "ಅಕ್ಕಾ, ಒಳಗೆ ಹೋಗ್ತಿದ್ದೀನಿ. ಆ ಕ್ಯಾಬಿನವನು ದಾರೀಲಿ ಒಂದು ಮಾತಾಡಲಿಲ್ಲ ನೋಡಿ. ಕಾರು ಏನಾಯ್ತು?"

ಕಾಡಿಗೆ ವಿಷಯ ಹೇಳಿದರೆ ಮೈಸೂರು ಮುಟ್ಟೋವರೆಗೂ ನಗ್ತಾಳೆ. "ಕೆಟ್ಟೋಯ್ತು. ಹಳೇದಲ್ವಾ" ಅಂದೆ.

"ಮತ್ತೆ ಅದೇನು ಸದ್ದು? ಇಂಜಿನ್ನು ಎಷ್ಟು ಚೆನ್ನಾಗಿ ಓಡ್ತಿದೆ!"

"ಯಾರದೋ."

ಅವಳು ಫೋನ್ ಇಟ್ಟ ಮೇಲೂ ನಾನು ಇಂಜಿನ್ ಆಫ್ ಮಾಡಲಿಲ್ಲ. ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಬಹಳ ಹೊತ್ತು ಕೇಳಿಸಿಕೊಂಡು ಕೂತೆ. ಒಂದು ಸಲನಾದರೂ ಬಿಕ್ಕಳಿಸಬೇಕಲ್ಲ, ದರಿದ್ರದ್ದು!