ವಾಕರ್ ಸಾಹೇಬರ ಚೆಂಡು

ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವನಿಗೆ ಗಾಲ್ಫ್ ಯಾವ ಮಹಾವಿದ್ಯೆ! ಚೆಂಡು ಗುಂಡಗಿದೆ, ನೆಲದ ಮೇಲೆ ಸುಮ್ಮನೆ ಕೂತಿದೆ, ಎದುರಿನಿಂದ ಯಾರೂ ಅದನ್ನು ಎಸೆಯುತ್ತಿಲ್ಲ. ಬೇಕಾದದ್ದು ಕೋನ ಮತ್ತು ವೇಗ, ಅಷ್ಟೇ. “ಒಂದೇ ತಿಂಗಳಲ್ಲಿ ಕಲಿತು ತೋರಿಸ್ತೀನಿ, ನೋಡ್ತಿರು” ಎಂದು 1996ರ ಚಳಿಗಾಲದಲ್ಲಿ, ಮೇರಿಲ್ಯಾಂಡಿನ ಕೊಲಂಬಿಯಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಹೆಂಡತಿ ಹರಿಣಿಯ ಎದುರು ಘೋಷಿಸಿದೆ.

“ಕಲಿಯೋದೇನು ಬಂತು? ಆಗಲೇ ಬರುತ್ತೆ ಅಂತ ಆಫೀಸಲ್ಲಿ ಹೇಳಿ ಬಂದಿದೀರಲ್ಲ” ಎಂದಳು.

ತೊಂದರೆ ಇದ್ದದ್ದು ಅಲ್ಲೇ. ಗಾಜು, ಲೋಹಗಳ ಮೇಲ್ಮೈ ಎಷ್ಟು ಸಮತಟ್ಟಾಗಿದೆ ಎಂದು ಅಳೆಯುವ ಉಪಕರಣಗಳನ್ನು ನಮ್ಮ ಕಂಪನಿ ತಯಾರಿಸುತ್ತಿತ್ತು. ಕಣ್ಣಿಗೆ ಕಾಣದ ಏರುತಗ್ಗನ್ನೂ ಹಿಡಿದುಹಾಕುವುದು ನನ್ನ ಕೆಲಸ. ಅಟ್ಲಾಂಟಾ ಬಳಿಯ ನಾರ್‌ಕ್ರಾಸ್‌ನಲ್ಲಿ ಹೊಸ ಲ್ಯಾಬ್ ಶುರುವಾಗುವುದಿತ್ತು. ಅದರ ಮುಖ್ಯಸ್ಥ ನಾನೋ, ನನ್ನ ಜೊತೆಯ ಗುರುದತ್ತನೋ ಎಂಬುದನ್ನು ಮಾಲೀಕ ವಾಕರ್ ಇನ್ನೂ ತೀರ್ಮಾನಿಸಿರಲಿಲ್ಲ. ಅಷ್ಟರಲ್ಲಿ ಅವರು ಅರಿಜೋನಾದ ಮರುಭೂಮಿಯಲ್ಲಿದ್ದ ತಮ್ಮ ಖಾಸಗಿ ಗಾಲ್ಫ್ ಕ್ಲಬ್ಬಿಗೆ ನಮ್ಮಿಬ್ಬರನ್ನೂ ಆಹ್ವಾನಿಸಿದರು. ಹರಿಣಿಯನ್ನೂ ಕರೆತರಲು ಹೇಳಿದರು. ಗಾಲ್ಫ್ ಆಡ್ತೀರಾ ಎಂದು ಕೇಳಿದಾಗ ಬ್ರಹ್ಮಚಾರಿ ಗುರುದತ್, ತನಗೆ ಬರುವುದಿಲ್ಲ, ಬಂದು ನೋಡುತ್ತೇನೆ ಎಂದುಬಿಟ್ಟ. ಎಂಥ ದಡ್ಡ! ನಾನು ಗಂಭೀರವಾಗಿ, “ಬಿಡುವಿದ್ದಾಗ ಆಡ್ತೀನಿ” ಎಂದೆ.

ಅಂದಿನಿಂದ ನಮ್ಮ ಹಾಲ್‌ನ ಕಾರ್ಪೆಟ್ಟೇ ಗಾಲ್ಫ್ ಮೈದಾನ. ಸ್ಟೀಲ್ ಚೊಂಬನ್ನು ಅಡ್ಡ ಮಲಗಿಸಿದರೆ ಅದೇ ಗುಳಿ. ನೆಲ ಸಮವಾಗಿದೆಯೇ ಎಂದು ಆಫೀಸಿನ ಮಟ್ಟಗೋಲು ತಂದು ಪರೀಕ್ಷಿಸಿದ್ದೆ, ಕೂದಲೆಳೆಯಷ್ಟೂ ಓರೆಯಿರಲಿಲ್ಲ. ಎರಡೇ ವಾರದಲ್ಲಿ ಹೊಡೆದ ಚೆಂಡೆಲ್ಲ ಠಣ್ ಎಂದು ಚೊಂಬಿನೊಳಗೆ! ಹಾಲು ಕಾಸುವ ಹೊತ್ತಿಗೆಲ್ಲ ಹರಿಣಿ ಬಂದು ನನ್ನ ಗುಳಿಯನ್ನು ಎತ್ತಿಕೊಂಡು ಹೋಗುತ್ತಿದ್ದಳು.

“ಅಲ್ಲಿಗೂ ಚೊಂಬು ತಗೊಂಡು ಹೋಗ್ತೀರೋ, ಅವರೇ ಇಟ್ಟಿರ್ತಾರೋ?” ಎಂದು ಒಮ್ಮೆ ವಿಚಾರಿಸಿದಳು.

ಕ್ಲಬ್ ಎಂದರೆ ಇಂದ್ರನ ಆಸ್ಥಾನ. ಸುತ್ತ ಬರೀ ಕೆಂಪು ಕಲ್ಲು, ಮೂರಾಳೆತ್ತರದ ಕಳ್ಳಿ. ನಡುವೆ ಬಾಚಿ ಎಣ್ಣೆ ಹಚ್ಚಿದಂಥ ಹಸಿರು ಹುಲ್ಲು. ಕೈ ಒರೆಸಿಕೊಳ್ಳಲು ಮಂಜುಗಡ್ಡೆಯಲ್ಲಿಟ್ಟ ಟವಲು ಕೊಟ್ಟರು. ಒರೆಸಿಕೊಂಡ ಮೇಲೆ ಅದನ್ನು ಏನು ಮಾಡುವುದೆಂದು ತಿಳಿಯದೆ ನಾನು ಮಡಿಸಿ ಜೇಬಿಗೆ ಹಾಕಿಕೊಂಡೆ. ಪ್ಯಾಂಟು ಒದ್ದೆಯಾಗಿ, ಇಡೀ ಬೆಳಿಗ್ಗೆ ಹರಿಣಿಯ ಕೈಚೀಲವನ್ನು ಮುಂದೆ ಹಿಡಿದು ನಡೆಯಬೇಕಾಯಿತು.

ನನ್ನ ಮೊದಲ ಹೊಡೆತದ ಚೆಂಡು ನೆಟ್ಟಗೆ ಹೋಗಿ ಕಳ್ಳಿಯ ಹೊಟ್ಟೆಗೆ ನಾಟಿಕೊಂಡಿತು. ವಾಕರ್ ಕೆಮ್ಮಿದರು. ನಮ್ಮ ಜೊತೆ ಆಡುತ್ತಿದ್ದ ಅವರ ಭಾವಮೈದುನ ಡೆನ್ನಿಸ್, ಕಳ್ಳಿ ಬದುಕೀತು ಎಂದು ಸಮಾಧಾನ ಹೇಳಿದ. ನಮ್ಮ ಹಿಂದೆ ಗುರುದತ್ ಕ್ಲಬ್ಬಿನ ಪುಟ್ಟ ಗಾಡಿಯಲ್ಲಿ ಹರಿಣಿಯನ್ನು ಕೂರಿಸಿಕೊಂಡು, ನಿಂಬೆ ಷರಬತ್ತು ಕುಡಿಯುತ್ತ ನಿಧಾನವಾಗಿ ಓಡಿಸಿಕೊಂಡು ಬರುತ್ತಿದ್ದ. ದಡ್ಡನಿಗೇ ನೆರಳು ಸಿಕ್ಕಿತ್ತು.

ಕೊನೆಯ ಗುಳಿಗೆ ಬಂದೆವು. ವಾಕರ್ ಈವರೆಗೆ ಒಮ್ಮೆಯೂ ಡೆನ್ನಿಸ್‌ನನ್ನು ಸೋಲಿಸಿರಲಿಲ್ಲ. ಈಗ ಈ ಒಂದು ಹೊಡೆತ ಗುಳಿಗೆ ಬಿದ್ದರೆ ಗೆದ್ದಂತೆ. ಅವರು ಬಗ್ಗಿ ನೋಡಿದರು, ಕುಕ್ಕರುಗಾಲಲ್ಲಿ ಕೂತು ನೋಡಿದರು, ಉಸಿರು ಬಿಗಿಹಿಡಿದು ಚೆಂಡನ್ನು ಮೆಲ್ಲಗೆ ತಳ್ಳಿದರು.

ಗುಳಿ ಎಡಕ್ಕಿದ್ದರೆ ಚೆಂಡು ಬಲಕ್ಕೆ ಹೊರಟಿತು. ಪಾಪ, ವಯಸ್ಸಾಯಿತು, ಕಣ್ಣು ಮಂದ ಎಂದುಕೊಂಡೆ. ನಮ್ಮ ಮನೆಯಲ್ಲಿ ಹಿರಿಯರ ಕೈಯಿಂದ ಏನೇ ಜಾರಿ ಉರುಳಲಿ, ಅವರು ಬಗ್ಗುವ ಮುಂಚೆ ಕಿರಿಯರು ಓಡಿ ಎತ್ತಿಕೊಡಬೇಕು. ರಕ್ತದಲ್ಲಿ ಬಂದ ಪಾಠ! ಓಡಿದೆ.

“ರೀ, ಅದು ತಿರುಗ್ತಾ ಇದೆ, ಬಿಡ್ರೀ!” ಗಾಡಿಯಿಂದ ಹರಿಣಿ ಕೂಗಿದಳು.

ಅಷ್ಟರಲ್ಲಿ ಚೆಂಡನ್ನು ಬೂಟಿನಿಂದ ತಡೆದಿದ್ದೆ. ಎತ್ತಿ, ಜೇಬಿನ ಟವಲಿನಿಂದ ಒರೆಸಿ, ತುಸು ಬಗ್ಗಿ, ಎರಡೂ ಕೈಯಲ್ಲಿ ವಾಕರ್‌ಗೆ ಒಪ್ಪಿಸಿದೆ. ಆಮೇಲೆ ತಿರುಗಿ ನೋಡಿದೆ. ನಾನು ನಿಂತಿದ್ದ ಕಡೆಯಿಂದ ನೆಲ ಗುಳಿಯತ್ತ ಬಾಣಲೆಯ ಅಂಚಿನ ಹಾಗೆ ಇಳಿದಿತ್ತು. ಬಲಕ್ಕೆ ಹೊರಟ ಚೆಂಡು ಬಳಸಿಕೊಂಡು ಬಂದು ಸೀದಾ ಗುಳಿಗೇ ಬೀಳುತ್ತಿತ್ತು.

ಡೆನ್ನಿಸ್ ಹುಲ್ಲಿನ ಮೇಲೆ ಕೂತು ನಗತೊಡಗಿದ. ಮತ್ತೆ ಹೊಡೆಯಲು ನಿಯಮವಿದೆ ಎಂದೂ ಅವನೇ ಹೇಳಿದ. ವಾಕರ್ ಮತ್ತೆ ಹೊಡೆದರು. ಈ ಸಲ ನಿಜವಾಗಿಯೂ ತಪ್ಪಿತು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಮ್ಮ ಕಂಪನಿಯಲ್ಲಿ ನಿಮ್ಮ ಕೆಲಸ ಏನು?”

“ಮೇಲ್ಮೈ ಓರೆ ಇದೆಯಾ ಅಂತ ಅಳೆಯೋದು, ಸರ್.”

“ಹೌದು, ನನಗೂ ಹಾಗೇ ನೆನಪು” ಎಂದು ನಡೆದರು.

ಊಟದ ಮೇಜಿನಲ್ಲಿ ತಲೆಯೆತ್ತಲಾಗದೆ, ನನಗೆ ಗಾಲ್ಫ್ ಬರುವುದಿಲ್ಲ ಎಂದು ಒಪ್ಪಿಕೊಂಡೆ. ಕಳ್ಳಿ ಆಗಲೇ ತಿಳಿಸಿತ್ತು ಎಂದರು ವಾಕರ್. ಚೆಂಡನ್ನು ಎತ್ತಿಕೊಟ್ಟದ್ದೇಕೆ ಎಂದು ಕೇಳಿದರು. ಹಿರಿಯರು, ಮನೆ, ಪದ್ಧತಿ ಎಲ್ಲ ತೊದಲಿದೆ. ವಾಕರ್, ತಮ್ಮ ಮಕ್ಕಳು ಯಾರೂ ಹಾಗೆ ಓಡಿಬಂದದ್ದಿಲ್ಲ ಎಂದು ಐಸ್‌ಕ್ರೀಮಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ನಾರ್‌ಕ್ರಾಸ್ ಲ್ಯಾಬ್ ಗುರುದತ್ತನಿಗೆ ಹೋಯಿತು. ಬರುವುದನ್ನು ಬರುತ್ತೆ, ಬಾರದ್ದನ್ನು ಬಾರದು ಎನ್ನುವವನು ಅಳತೆಯ ಕೆಲಸಕ್ಕೆ ಬೇಕು ಎಂದರಂತೆ ವಾಕರ್.

ಆ ಸುದ್ದಿ ಬಂದ ಸಂಜೆ ಮನೆಯಲ್ಲಿ ಮನಸ್ಸು ಹಗುರ ಮಾಡಿಕೊಳ್ಳಲು ಕಾರ್ಪೆಟ್ ಮೇಲೆ ಚೊಂಬು ಮಲಗಿಸಿ, ಒಂದು ಚೆಂಡು ಹೊಡೆದೆ. ನೇರವಾಗಿ, ನಿಖರವಾಗಿ ಹೊರಟಿತು. ಅಡುಗೆಮನೆಯಿಂದ ಓಡಿಬಂದ ಹರಿಣಿ ಅದನ್ನು ಕಾಲಿನಿಂದ ತಡೆದು, ಸೆರಗಿನಲ್ಲಿ ಒರೆಸಿ, ಬಗ್ಗಿ, ಎರಡೂ ಕೈಯಲ್ಲಿ ನನಗೊಪ್ಪಿಸಿದಳು.

“ಅದು ಸೀದಾ ಒಳಗೆ ಹೋಗ್ತಿತ್ತು ಕಣೇ!”

“ವಾಕರ್ ಅವರಿಗೂ ಹಾಗೇ ಅನ್ನಿಸಿತ್ತು” ಎಂದು, ಚೊಂಬು ಎತ್ತಿಕೊಂಡು ಹಾಲು ಕಾಸಲು ಹೋದಳು.